ಕೊಡಗಿನ ಬೆಟ್ಟಗಳಲ್ಲಿ ವರಯಾಡು ಇಲ್ಲ. ಹಾಗಾದರೆ ಅಲ್ಲಿ ನೋಡುವುದೇನು?

ಪ್ರಶ್ನೆ: ಕಳೆದ ವರ್ಷ ಮುನ್ನಾರಿನ ಬಳಿಯ ಇರವಿಕುಳಂ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ವರಯಾಡುಗಳು (ನೀಲಗಿರಿ ತಾರ್ ಎಂಬ ಕಾಡುಮೇಕೆಗಳು) ರಸ್ತೆಯ ಪಕ್ಕದಲ್ಲೇ ಮೇಯುತ್ತಿದ್ದುದನ್ನು ಕಂಡ ನನ್ನ ಹನ್ನೊಂದು ವರ್ಷದ ಮಗಳು ಇಂದಿಗೂ ಅದನ್ನೇ ಹೇಳುತ್ತಿರುತ್ತಾಳೆ. ಈ ಬಾರಿ ಅವಳನ್ನೂ ಅರವತ್ತೆಂಟು ವರ್ಷದ ನನ್ನ ತಂದೆಯವರನ್ನೂ ಕರೆದುಕೊಂಡು ಕೊಡಗಿಗೆ ಬರಬೇಕೆಂದಿದ್ದೇವೆ. ತಂದೆಯವರಿಗೆ ಮೊಣಕಾಲು ನೋವಿದೆ. ಪುಷ್ಪಗಿರಿ, ತಡಿಯಂಡಮೋಳ್, ಬ್ರಹ್ಮಗಿರಿ, ಈ ಮೂರರಲ್ಲಿ ಎಲ್ಲಿಗೆ ಹೋದರೆ ಪ್ರಾಣಿಗಳು ಹಾಗೆ ಕಾಣುತ್ತವೆ? ಯಾವ ತಿಂಗಳು ಸೂಕ್ತ?
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳಿಬಿಡುತ್ತೇನೆ. ಇರವಿಕುಳಂನಲ್ಲಿ ಕಂಡ ಹಾಗೆ ಪ್ರಾಣಿಗಳು ಕೊಡಗಿನ ಯಾವ ಬೆಟ್ಟದಲ್ಲಿಯೂ ಕಾಣುವುದಿಲ್ಲ. ವರಯಾಡು ಇಂದು ಕೇರಳ ಮತ್ತು ತಮಿಳುನಾಡಿನ ಬೆಟ್ಟಗಳಲ್ಲಷ್ಟೇ ಉಳಿದಿದೆ. ಕರ್ನಾಟಕದ ಕಾಡಿನಲ್ಲಿ ಅದರ ಹಿಂಡು ಒಂದೂ ಇಲ್ಲ. ಇರವಿಕುಳಂನ ಹುಲ್ಲುಗಾವಲಿನ ಬಹುಪಾಲು ಸುಮಾರು 2,000 ಮೀಟರಿನಿಂದ ಮೇಲಕ್ಕಿದೆ, ಅಲ್ಲಿನ ಆನಮುಡಿ ಶಿಖರದ ಎತ್ತರ 2,695 ಮೀಟರ್. ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರವಾದ ತಡಿಯಂಡಮೋಳ್ 1,748 ಮೀಟರ್, ಪುಷ್ಪಗಿರಿ 1,712 ಮೀಟರ್, ಬ್ರಹ್ಮಗಿರಿ 1,608 ಮೀಟರ್. ಈ ಅಂತರದಿಂದಾಗಿ ಎರಡೂ ಕಡೆಯ ಬೆಟ್ಟಗಳ ಸ್ವರೂಪವೇ ಬೇರೆ. ಅಲ್ಲಿ ಹುಲ್ಲೇ ವಿಸ್ತಾರವಾಗಿ ಹಾಸಿಕೊಂಡಿದ್ದು ಅದರ ಮಡಿಲಲ್ಲಿ ಅಲ್ಲಲ್ಲಿ ಕಾಡಿದ್ದರೆ, ಇಲ್ಲಿ ಬುಡದಿಂದ ಹೆಗಲಿನವರೆಗೂ ಕಾಡೇ ಇದ್ದು ನೆತ್ತಿಯ ಮೇಲೆ ಮಾತ್ರ ಹುಲ್ಲಿದೆ. ಜೊತೆಗೆ ಇರವಿಕುಳಂನ ರಾಜಮಲೆಯ ವರಯಾಡುಗಳು ತಲೆಮಾರುಗಳಿಂದ ಮನುಷ್ಯರನ್ನು ಕಂಡು ಒಗ್ಗಿಕೊಂಡಿವೆ. ಕೊಡಗಿನ ಬೆಟ್ಟದ ಕಾಟಿಯಾಗಲಿ (ಕಾಡುಕೋಣ) ಕಡವೆಯಾಗಲಿ ಹಾಗೆ ಒಗ್ಗಿಕೊಂಡಿಲ್ಲ, ಒಗ್ಗಿಕೊಳ್ಳಬಾರದು ಎಂದೇ ನನ್ನ ಆಸೆ.

ಪ್ರಾಣಿಯನ್ನು ಕಣ್ತುಂಬ ನೋಡುವುದೇ ಮಗಳ ಬಯಕೆಯಾಗಿದ್ದರೆ ಒಂದು ಬೆಳಗನ್ನು ನಾಗರಹೊಳೆಗೆ ಮೀಸಲಿಡಿ. ಅಲ್ಲಿನ ನೆಲ ಹೆಚ್ಚು ಏರಿಳಿತವಿಲ್ಲದ್ದು, ಕಾಡು ಎಲೆ ಉದುರಿಸುವ ಜಾತಿಯದು, ಕೆರೆಗಳೂ ಹಡ್ಲುಗಳೂ (ಜೌಗು ಹುಲ್ಲುಬಯಲು) ಇರುವುದರಿಂದ ಜಿಂಕೆ, ಕಾಟಿ, ಆನೆಗಳು ಬಯಲಿಗೆ ಬರುತ್ತವೆ. ಕುಟ್ಟದ ಕಡೆಯಿಂದಲೂ ಅದಕ್ಕೆ ದಾರಿಯಿದೆ. ಆದರೆ ಸಫಾರಿ ನಡೆಯುತ್ತಿದೆಯೇ ಎಂಬುದನ್ನು ಹೊರಡುವ ಮುನ್ನ ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಳ್ಳಿ. ನಾಗರಹೊಳೆಯ ಬಗ್ಗೆ ಇಷ್ಟು ಸಾಕು, ಏಕೆಂದರೆ ನೀವು ಕೇಳಿರುವುದು ಬೆಟ್ಟಗಳ ವಿಷಯ. ಆ ಬೆಟ್ಟಗಳನ್ನು ನೋಡುವ ಬಗೆಯೇ ಬೇರೆ. ಅದನ್ನು ಮೊದಲೇ ತಿಳಿದು ಬಂದರೆ ಹನ್ನೊಂದು ವರ್ಷದ ಹುಡುಗಿಗೆ ಖಂಡಿತ ನಿರಾಸೆಯಾಗದು.

ಮೊದಲು ಭೂಮಿಯ ರಚನೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡ ಕೊಡಗಿನ ಪಶ್ಚಿಮದ ಅಂಚಿನ ಬೆಟ್ಟಸಾಲಿಗೆ ತಾಗಿ ಮೇಲೇರುತ್ತದೆ, ಏರುತ್ತಾ ತಣಿದು ಅಲ್ಲಿಯೇ ಸುರಿಯುತ್ತದೆ. ಭಾಗಮಂಡಲದ ಸುತ್ತಮುತ್ತ ವರ್ಷಕ್ಕೆ 5,000 ಮಿಲಿಮೀಟರ್ ಮೀರುವ ಮಳೆ, ನೇರ ದಾರಿಯಲ್ಲಿ ಐವತ್ತು ಕಿಲೋಮೀಟರ್ ಕೂಡ ದೂರವಿಲ್ಲದ ಕುಶಾಲನಗರಕ್ಕೆ ಬರುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಕುಶಾಲನಗರದಿಂದ ಪಶ್ಚಿಮಕ್ಕೆ ಕಾರಿನಲ್ಲಿ ಹೋಗುವಾಗ ಮರಗಳ ಕಾಂಡವನ್ನು ಗಮನಿಸುವಂತೆ ಮಗಳಿಗೆ ಹೇಳಿ. ಒಣ ತೊಗಟೆಯ ಮೇಲೆ ಮೊದಲು ಕಲ್ಲುಹೂವು ಕಾಣಿಸುತ್ತದೆ, ಬಳಿಕ ಪಾಚಿ, ಆಮೇಲೆ ಜರೀಗಿಡ, ಕೊನೆಗೆ ಕೊಂಬೆಕೊಂಬೆಗೂ ಸೀತಾಳೆ ಹೂವಿನ ಗಿಡಗಳು. ಮಳೆಯ ಲೆಕ್ಕವನ್ನು ಮರಗಳೇ ಬರೆದಿಟ್ಟುಕೊಂಡಿರುತ್ತವೆ.

ಈ ಸಾಲಿನಲ್ಲಿ ಬೀಳುವ ನೀರು ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಪುಷ್ಪಗಿರಿಯ ಒಂದು ಮಗ್ಗುಲಿನ ಕುಮಾರಧಾರಾ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಪಶ್ಚಿಮದ ಕಡಲಿಗೆ ಹೋದರೆ, ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿನ ಹಾರಂಗಿ ಕಾವೇರಿಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಯ ಕಡೆಗೆ ಹರಿಯುತ್ತದೆ. ಬ್ರಹ್ಮಗಿರಿಯಲ್ಲಿಯೂ ಹಾಗೆಯೇ: ಇರ್ಪುವಿನ ಲಕ್ಷ್ಮಣತೀರ್ಥ ಪೂರ್ವಕ್ಕೆ, ಬರಪೊಳೆ ಕೇರಳದ ಕಡೆಗೆ. ಬೆಟ್ಟದ ನೆತ್ತಿಯಲ್ಲಿ ನಿಂತಾಗ ಮಗಳಿಗೆ ಇದನ್ನು ತೋರಿಸಿ. ಎಡಗಾಲಿನ ಬಳಿ ಬಿದ್ದ ಹನಿ ಒಂದು ಕಡಲಿಗೆ, ಬಲಗಾಲಿನ ಬಳಿ ಬಿದ್ದದ್ದು ಇನ್ನೊಂದು ಕಡಲಿಗೆ ಎಂಬುದು ಮಕ್ಕಳ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳನ್ನೂ ಪಡಿನಾಲ್ಕುನಾಡು, ಕೆರ್ಟಿ ಮೀಸಲು ಅರಣ್ಯಗಳನ್ನೂ 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳ ವಿಶ್ವಪರಂಪರೆಯ ತಾಣಗಳಲ್ಲಿ ಸೇರಿಸಿದೆ. ಬೆಂಗಳೂರಿಗೂ ಮಂಗಳೂರಿಗೂ ನೀರು ಎಲ್ಲಿಂದ ಬರುತ್ತದೆಂದು ಯೋಚಿಸಿದರೆ ಆ ಮನ್ನಣೆ ಸಣ್ಣದೆಂದೇ ನನಗೆ ಅನ್ನಿಸುತ್ತದೆ.

ಇನ್ನು ಬೆಟ್ಟ ಹತ್ತುವಾಗ ಕಾಣುವುದೇನು? ಸಾವಿರ ಮೀಟರಿನ ಆಚೀಚೆಯವರೆಗೂ ಕಾಫಿ ತೋಟ, ಅದರ ಮೇಲೆ ನಿತ್ಯಹರಿದ್ವರ್ಣದ ಕಾಡು, ಇನ್ನೂ ಮೇಲೆ ಗಾಳಿಗೆ ಬೋಳಾದಂತೆ ಕಾಣುವ ಹುಲ್ಲಿನ ದಿಣ್ಣೆಗಳು, ಆ ದಿಣ್ಣೆಗಳ ನಡುವಿನ ಮಡಿಕೆಗಳಲ್ಲಿ ಮತ್ತೆ ಕುಳ್ಳ ಮರಗಳ ದಟ್ಟ ಕಾಡು. ಈ ಕೊನೆಯದನ್ನೇ ಶೋಲಾ ಎನ್ನುತ್ತಾರೆ. ಬರುವವರಲ್ಲಿ ಅನೇಕರು ಹುಲ್ಲಿನ ಭಾಗವನ್ನು ನೋಡಿ, ಇಲ್ಲಿ ಕಾಡು ಕಡಿದಿದ್ದಾರೆ ಎಂದು ಮರುಗುತ್ತಾರೆ. ಅದು ಸರಿಯಲ್ಲ. ನೀಲಗಿರಿಯ ಜೌಗು ಮಣ್ಣಿನ ಪದರಗಳ ಅಧ್ಯಯನಗಳು ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲು ಸಾವಿರಾರು ವರ್ಷಗಳಷ್ಟು ಹಳೆಯದೆಂದು ತೋರಿಸಿವೆ. ದಿಣ್ಣೆಯ ಮೇಲೆ ಮಣ್ಣು ತೆಳುವಾಗಿದ್ದು ಗಾಳಿ ಬಲವಾಗಿರುವುದರಿಂದ ಹುಲ್ಲು ನಿಲ್ಲುತ್ತದೆ. ಮಡಿಕೆಯಲ್ಲಿ ಮಣ್ಣೂ ತೇವವೂ ಸೇರಿಕೊಳ್ಳುವುದರಿಂದ ಮರ ನಿಲ್ಲುತ್ತದೆ. ಹುಲ್ಲು ಮಳೆಯ ನೀರನ್ನು ಹಿಡಿದು ಮೆಲ್ಲಗೆ ಇಳಿಬಿಡುತ್ತದೆ, ಶೋಲಾ ಅದನ್ನು ತೋಡಾಗಿಸಿ, ಅಂದರೆ ಸಣ್ಣ ಹಳ್ಳವಾಗಿಸಿ, ಬೇಸಿಗೆಯವರೆಗೂ ಹರಿಸುತ್ತದೆ. ಒಂದಿಲ್ಲದೆ ಇನ್ನೊಂದು ಉಳಿಯುವುದು ಕಷ್ಟ.

ನಿಮ್ಮ ಮಗಳು ಇಡೀ ಪ್ರವಾಸದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ, ಹುಲ್ಲಿನಿಂದ ಶೋಲಾದ ಅಂಚಿಗೆ ಹತ್ತು ಹೆಜ್ಜೆ ನಡೆದು ನಿಲ್ಲಲಿ. ಹೊರಗೆ ಕಿವಿ ತುಂಬ ಗಾಳಿ, ಕಣ್ಣು ಕುಕ್ಕುವ ಬಿಸಿಲು. ಹತ್ತು ಹೆಜ್ಜೆಯ ಒಳಗೆ ಗಾಳಿ ಒಮ್ಮೆಲೇ ನಿಂತು, ಬಟ್ಟೆ ತಂಪಾಗಿ, ತರಗೆಲೆಯಡಿಯ ಹಸಿ ಮಣ್ಣಿನ ವಾಸನೆ ಮೂಗಿಗೆ ಬರುತ್ತದೆ. ಮರಗಳ ಕಾಂಡಕ್ಕೆ ಅಂಗೈ ದಪ್ಪದ ಪಾಚಿ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮಳೆ ನಿಂತು ವಾರವಾಗಿದ್ದರೂ ನೀರು ಒಸರುತ್ತದೆ. ಒಂದೆರಡು ನಿಮಿಷ ಮಾತಿಲ್ಲದೆ ನಿಂತರೆ ಎಲ್ಲಿಂದಲೋ ಟಿಕ್, ಟಿಕ್ ಎಂದು ಕಲ್ಲಿಗೆ ಕಲ್ಲು ತಾಗಿಸಿದಂಥ ಸದ್ದು ಕೇಳಿಸೀತು. ಹೆಬ್ಬೆರಳಿನ ಉಗುರಿನಷ್ಟೇ ಇರುವ ಪೊದೆಗಪ್ಪೆ ಅದು. ಈ ಕಪ್ಪೆಗಳಲ್ಲಿ ಹಲವು ಜಾತಿಗಳಿಗೆ ನೀರಿನಲ್ಲಿ ಈಜುವ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ತೇವದ ಎಲೆಯ ಮೇಲೋ ತರಗಿನಡಿಯೋ ಇಟ್ಟ ಮೊಟ್ಟೆಯೊಳಗೇ ಮರಿ ಪೂರ್ತಿ ಬೆಳೆದು ಪುಟ್ಟ ಕಪ್ಪೆಯಾಗಿ ಹೊರಬರುತ್ತದೆ. ಗಾಳಿಯಲ್ಲಿ ಅಷ್ಟು ತೇವ ಇರುವವರೆಗೆ ಮಾತ್ರ ಇದು ಸಾಧ್ಯ.

ದೊಡ್ಡ ಪ್ರಾಣಿಗಳು ಇಲ್ಲವೇ ಎಂದರೆ, ಇವೆ, ನೀವು ಹತ್ತುವ ದಾರಿಯಲ್ಲೇ ಇವೆ. ಆನೆ ನೆತ್ತಿಯವರೆಗೂ ಹೋಗುತ್ತದೆ. ಅಷ್ಟು ಕಡಿದಾದ ಏರಿನಲ್ಲಿ ಲದ್ದಿಯನ್ನು ಕಂಡವರು ನಂಬುವುದಿಲ್ಲ, ಆದರೆ ಬೆಟ್ಟದ ಸುಲಭವಾದ ಏರನ್ನು ಮೊದಲು ಕಂಡುಹಿಡಿಯುವುದು ಆನೆಯೇ, ನಾವು ನಡೆಯುವ ಎಷ್ಟೋ ಕಾಲುದಾರಿಗಳು ಅದರವೇ. ಕಾಟಿ ಬೆಳಗಿನ ಜಾವ ಶೋಲಾದಿಂದ ಹುಲ್ಲಿಗೆ ಬಂದು ಬಿಸಿಲೇರುವ ಮುನ್ನ ಒಳಸರಿಯುತ್ತದೆ. ನಾನು ಬ್ರಹ್ಮಗಿರಿಯ ನರಿಮಲೆಯಿಂದ ಮೇಲಿನ ಇಳಿಜಾರಿನಲ್ಲಿ ನವೆಂಬರಿನ ಒಂದು ಬೆಳಿಗ್ಗೆ ಮಂಜು ಕರಗಲೆಂದು ಬಂಡೆಯ ಮೇಲೆ ಕಾಯುತ್ತಾ ಕೂತಿದ್ದೆ. ಐವತ್ತು ಹೆಜ್ಜೆ ಆಚೆ ಯಾರೋ ದೀರ್ಘವಾಗಿ ಉಸಿರು ಬಿಟ್ಟಂತೆ ಕೇಳಿಸಿತು. ಮಂಜು ತುಸು ಸರಿದಾಗ ಕಂಡದ್ದು ಬೆಳ್ಳಗಿನ ನಾಲ್ಕು ಕಾಲುಗಳು ಮಾತ್ರ, ಕಾಲುಚೀಲ ತೊಟ್ಟಂತೆ. ಅದರ ಮೇಲಿನ ಕಪ್ಪು ದೇಹ ಇನ್ನೂ ಮಂಜಿನೊಳಗಿತ್ತು. ಅರ್ಧ ನಿಮಿಷದ ಬಳಿಕ ಕಾಟಿ ಪೂರ್ತಿಯಾಗಿ ಕಂಡಿತು, ನನ್ನತ್ತ ಮೂಗೆತ್ತಿ ನೋಡಿತು, ತಿರುಗಿ ಶೋಲಾದೊಳಗೆ ಹೋಯಿತು. ಅಷ್ಟು ದೊಡ್ಡ ಪ್ರಾಣಿ ಹೋದ ಮೇಲೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಬೆಟ್ಟದ ಪ್ರಾಣಿ ಕಾಣುವುದು ಹೀಗೆ, ಕೂತವರಿಗೆ, ಸದ್ದು ಮಾಡದವರಿಗೆ, ಅದೂ ಅಪರೂಪಕ್ಕೆ.

ಅಪರೂಪವಲ್ಲದವೂ ಇವೆ. ಕೆಂದಳಿಲು ಬಾಲವೂ ಸೇರಿ ಸುಮಾರು ಒಂದು ಮೀಟರ್ ಉದ್ದವಿದ್ದು, ಎತ್ತರದ ಕೊಂಬೆಗಳಲ್ಲಿ ಹಾರಾಡುತ್ತಾ ಜೋರಾಗಿ ಕೂಗುವುದರಿಂದ ನಿಮಗೆ ಸಿಕ್ಕೇ ಸಿಗುತ್ತದೆ. ಮಲಬಾರ್ ಸಿಳ್ಳಾರ ಹಕ್ಕಿ ತೋಡಿನ ಬದಿಯಲ್ಲಿ ಇನ್ನೂ ಕತ್ತಲಿರುವಾಗಲೇ ಮನುಷ್ಯ ಶಿಳ್ಳೆ ಹಾಕಿದಂತೆ ಹಾಡುತ್ತದೆ. ರಾಗ ಮರೆತು ಮತ್ತೆ ನೆನಪಿಸಿಕೊಂಡಂತಿರುವ ಆ ಹಾಡನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ರೆಕ್ಕೆಯ ಸದ್ದು ಹಕ್ಕಿಗಿಂತ ಮೊದಲೇ ಬರುತ್ತದೆ, ದೂರದಲ್ಲಿ ಹಬೆಯ ರೈಲು ಉಸಿರಾಡಿದ ಹಾಗೆ. ಹೆಣ್ಣು ಮಂಗಟ್ಟೆ ದೊಡ್ಡ ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಸೀಳಿನಷ್ಟು ಬಿಟ್ಟು ಮುಚ್ಚಿಕೊಳ್ಳುತ್ತದೆ. ಮೊಟ್ಟೆಯೊಡೆದು ಮರಿ ಬೆಳೆಯುವವರೆಗೆ ಗಂಡು ಆ ಸೀಳಿನಿಂದ ಅತ್ತಿ, ರಾಮಪತ್ರೆಯಂಥ ಹಣ್ಣುಗಳನ್ನು ತಂದು ಉಣಿಸುತ್ತದೆ. ಪೊಟರೆ ಇರುವಷ್ಟು ಹಳೆಯ ಮರ, ವರ್ಷವಿಡೀ ಹಣ್ಣು ಕೊಡುವ ಅತ್ತಿಯ ಕುಲದ ಮರಗಳು, ಎರಡೂ ಬೇಕು. ಆದ್ದರಿಂದಲೇ ಮಂಗಟ್ಟೆ ಕಂಡಲ್ಲಿ ಕಾಡು ಇನ್ನೂ ಗಟ್ಟಿಯಾಗಿದೆ ಎಂದು ನಾವು ತಿಳಿಯುತ್ತೇವೆ.

ಸಿಂಗಳೀಕ ಪಶ್ಚಿಮದ ಅಂಚಿನ ದಟ್ಟ ಮಳೆಕಾಡುಗಳಲ್ಲಿದೆ. ನೀಲಗಿರಿ ಲಂಗೂರಿಗೆ ಕೊಡಗೇ ಅದರ ಹರವಿನ ಉತ್ತರದ ತುದಿ. ದಕ್ಷಿಣ ಭಾರತದ ಏಕೈಕ ಮಾರ್ಟೆನ್ ಆದ, ಹಳದಿ ಗಂಟಲಿನ ನೀಲಗಿರಿ ಮಾರ್ಟೆನ್ (ಮುಂಗುಸಿಯಂತೆ ಕಾಣುವ ಸಣ್ಣ ಬೇಟೆಪ್ರಾಣಿ) ಕೂಡ ಇಲ್ಲಿದೆ. ಆದರೆ ಇವನ್ನು ನೋಡಲೆಂದೇ ಬರಬೇಡಿ, ಕಂಡರೆ ಭಾಗ್ಯವೆನ್ನಿ.

ಈಗ ಎಲ್ಲಿಗೆ ಎಂಬ ಪ್ರಶ್ನೆ. ಪುಷ್ಪಗಿರಿಯನ್ನು, ಅಂದರೆ ಕುಮಾರ ಪರ್ವತವನ್ನು, ಈ ಸಲ ಬಿಟ್ಟುಬಿಡಿ. ಸೋಮವಾರಪೇಟೆ ಕಡೆಯ ಬೀಡಹಳ್ಳಿಯಿಂದ ಸುಮಾರು 7 ಕಿಲೋಮೀಟರ್, ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಸುಮಾರು 13 ಕಿಲೋಮೀಟರ್ ಏರುವ ಅದು ಅಭ್ಯಾಸವಿರುವ ವಯಸ್ಕರನ್ನೇ ದಣಿಸುತ್ತದೆ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಅಲ್ಲಿ ಸಾಲುಗಟ್ಟಿ ನಿಂತ ಜನರ ಚಿತ್ರಗಳನ್ನು ನೀವೂ ನೋಡಿರಬಹುದು; ಅದಾದ ಮೇಲೆಯೇ ರಾಜ್ಯದಲ್ಲಿ ಚಾರಣಕ್ಕೆ ಆನ್‌ಲೈನ್ ಬುಕಿಂಗನ್ನೂ ಜನಮಿತಿಯನ್ನೂ ಬಿಗಿಗೊಳಿಸಿದರು. ಬ್ರಹ್ಮಗಿರಿಯೂ ಇರ್ಪುವಿನಿಂದ ಒಂದು ಕಡೆಗೇ ಸುಮಾರು 9 ಕಿಲೋಮೀಟರ್ ಇರುವುದರಿಂದ ಮಗಳು ಇನ್ನೂ ಮೂರ್ನಾಲ್ಕು ವರ್ಷ ದೊಡ್ಡವಳಾಗಲಿ.

ನನ್ನ ಸಲಹೆ ತಡಿಯಂಡಮೋಳ್, ಅದೂ ನೆತ್ತಿ ಮುಟ್ಟಲೇಬೇಕೆಂಬ ಹಟವಿಲ್ಲದೆ. ಕಕ್ಕಬ್ಬೆಯ ಸುತ್ತ ಯಾವುದಾದರೂ ಹೋಮ್‌ಸ್ಟೇಯಲ್ಲಿ ಮೂರು ರಾತ್ರಿ ತಂಗಿ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಬಳಿಯಿಂದ ದಾರಿ ಏರುತ್ತದೆ. ಮೊದಲ ಭಾಗ ತೋಟದ ನಡುವೆ, ಆಮೇಲೆ ಕಾಡು, ಬಳಿಕ ಹುಲ್ಲು. ಕೊನೆಯ ಏರು ಮತ್ತೆ ಶೋಲಾದೊಳಗಿನಿಂದ, ಬೇರುಗಳನ್ನು ಹಿಡಿದು ಹತ್ತುವಷ್ಟು ಕಡಿದು. ಮಗಳಿಗೆ ಸುಸ್ತಾದರೆ ಹುಲ್ಲು ಆರಂಭವಾಗುವಲ್ಲಿಯೇ ನಿಲ್ಲಿ. ನಾನು ಹೇಳಿದ ಶೋಲಾದ ಅಂಚು, ಕಣಿವೆಯಿಂದ ಏರಿಬರುವ ಮಂಜು, ಪಶ್ಚಿಮಕ್ಕೆ ಪದರಪದರವಾಗಿ ಇಳಿಯುವ ಬೆಟ್ಟಗಳು, ಎಲ್ಲವೂ ಅಲ್ಲಿಂದಲೇ ಕಾಣುತ್ತವೆ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಇಳಿಯಲು ಶುರುಮಾಡಿ. ಹಿಂಗಾರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕಟ್ಟುತ್ತದೆ, ಬೋಳು ನೆತ್ತಿಯಲ್ಲಿ ಮಿಂಚಿಗೆ ಸಿಕ್ಕಿಕೊಳ್ಳುವುದು ಆನೆಗೆ ಎದುರಾಗುವುದಕ್ಕಿಂತ ಅಪಾಯ.

ತಂದೆಯವರು ಅಂದು ತೋಟದಲ್ಲೇ ಉಳಿಯಲಿ, ಅವರಿಗೇನೂ ಕಡಿಮೆಯಾಗುವುದಿಲ್ಲ. ಹಳೆಯ ಕಾಡುಮರಗಳ ನೆರಳಿರುವ ಕಾಫಿ ತೋಟದ ಜಗಲಿಯಲ್ಲಿ ಕುರ್ಚಿ ಹಾಕಿ ಕೂತರೆ, ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲದ ಮಲಬಾರಿನ ಬೂದು ಮಂಗಟ್ಟೆ ಗಹಗಹಿಸಿ ನಕ್ಕಂತೆ ಕೂಗುತ್ತಾ ಎದುರಿನ ಮರಕ್ಕೇ ಬರುತ್ತದೆ. ಮರುದಿನ ಎಲ್ಲರೂ ಸೇರಿ ಭಾಗಮಂಡಲದ ಮೂಲಕ ತಲಕಾವೇರಿಗೆ ಹೋಗಿ. 1,276 ಮೀಟರ್ ಎತ್ತರದ ಆ ಸ್ಥಳದ ಹತ್ತಿರದವರೆಗೂ ವಾಹನ ಹೋಗುವುದರಿಂದ ಮೊಣಕಾಲಿಗೆ ತ್ರಾಸವಿಲ್ಲದೆ ಹುಲ್ಲಿನ ದಿಣ್ಣೆ, ಶೋಲಾ ಎರಡನ್ನೂ ಅವರೂ ನೋಡಬಹುದು. ಅಕ್ಟೋಬರಿನ ತುಲಾ ಸಂಕ್ರಮಣದ ಆಸುಪಾಸಿನಲ್ಲಿ ಮಾತ್ರ ಬೆಟ್ಟ ನೋಡಲೆಂದು ಹೋಗಬೇಡಿ, ಆಗ ಅದು ಭಕ್ತರ ದಿನ. ಮಾಂದಲಪಟ್ಟಿಗೂ ಜೀಪಿನಲ್ಲಿ ಹೋಗಬಹುದಾದರೂ ಕುಲುಕಾಟ ತಂದೆಯವರಿಗೆ ಆಗಿಬರುವುದಿಲ್ಲ. ಸಾಲುಸಾಲಾಗಿ ಓಡುವ ಜೀಪುಗಳ ಸದ್ದಿನ ನಡುವೆ ಆ ಹುಲ್ಲುಗಾವಲನ್ನು ನೋಡುವುದು ನನಗಂತೂ ನೋವಿನ ಸಂಗತಿ. ಅಲ್ಲಿಯೂ ಕೋಟೆಬೆಟ್ಟದಲ್ಲಿಯೂ 2021ರ ಮಳೆಗಾಲದಲ್ಲಿ ಕುರಿಂಜಿ ಅರಳಿ ಇಳಿಜಾರುಗಳೆಲ್ಲ ನೇರಳೆಯಾಗಿದ್ದವು. ಅದು ಮುನ್ನಾರಿನಲ್ಲಿ 2018ರಲ್ಲಿ ಅರಳಿದ ಹನ್ನೆರಡು ವರ್ಷದ ನೀಲಕುರಿಂಜಿಯಲ್ಲ, ಅದೇ ಕುಲದ ಇನ್ನೊಂದು ಜಾತಿ.

ತಿಂಗಳ ವಿಷಯ ಚಿಕ್ಕದು. ಅಕ್ಟೋಬರಿನ ಕೊನೆಯಿಂದ ಡಿಸೆಂಬರಿನವರೆಗೆ ಬನ್ನಿ. ಆಗ ತೋಡುಗಳಲ್ಲಿ ನೀರಿರುತ್ತದೆ, ಹುಲ್ಲು ಹಸಿರಾಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಜನವರಿಯಲ್ಲಿ ಬೆಳಗಿನ ಮಂಜು ಸೊಗಸು, ಆದರೆ ಹುಲ್ಲು ಒಣಗಲು ತೊಡಗುತ್ತದೆ, ಉಣ್ಣಿಗಳೂ ಹೆಚ್ಚು. ಫೆಬ್ರವರಿಯಿಂದ ಕಾಡ್ಗಿಚ್ಚಿನ ಭಯಕ್ಕೆ ಚಾರಣದಾರಿಗಳನ್ನು ಮುಚ್ಚುವುದುಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಟ್ಟಕ್ಕೆ ಹೋಗುವ ಮಾತೇ ಬೇಡ. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಬೆಟ್ಟಗಳು ಕುಸಿದು ಊರುಗಳೇ ಹೂತುಹೋದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದ (ಇದು ಇರ್ಪುವಿನ ಬ್ರಹ್ಮಗಿರಿಯಲ್ಲ) ಒಂದು ಮಗ್ಗುಲು ಜರಿದು ಅರ್ಚಕರ ಮನೆ ಮಣ್ಣಿನಡಿ ಸೇರಿತು. ಬರೆ (ಗುಡ್ಡದ ಇಳಿಜಾರು) ಕುಸಿತದ ಆ ಗಾಯಗಳು ಇಂದಿಗೂ ಇಳಿಜಾರುಗಳಲ್ಲಿ ಕೆಂಪು ಗೀರುಗಳಾಗಿ ಕಾಣುತ್ತವೆ. ಅಲ್ಲಿ ನಿಂತು ಫೋಟೊ ತೆಗೆಯುವ ಮುನ್ನ ಅದು ಯಾರದೋ ಮನೆ, ಗದ್ದೆ, ತೋಟವಾಗಿತ್ತೆಂದು ಮಕ್ಕಳಿಗೆ ಹೇಳಬೇಕು.

ಸುರಕ್ಷತೆಯ ಮಾತುಗಳಲ್ಲಿ ಅತಿ ಮುಖ್ಯವಾದದ್ದು ಬೆಟ್ಟಕ್ಕಿಂತ ತೋಟಕ್ಕೇ ಸಂಬಂಧಿಸಿದ್ದು. ಬಯಲುಸೀಮೆಯಿಂದ ಬರುವ ಹಿರಿಯರಿಗೆ ಬೆಳಿಗ್ಗೆ ಐದೂವರೆಗೆ ಎದ್ದು ನಡೆಯುವ ಅಭ್ಯಾಸವಿರುತ್ತದೆ. ಕೊಡಗಿನಲ್ಲಿ ಕಾಡಾನೆಗಳು ರಾತ್ರಿಯೆಲ್ಲ ತೋಟದಲ್ಲಿದ್ದು ಹಲಸು, ಬಾಳೆ ತಿಂದು ಬೆಳಗಾಗುವಾಗ ಹಿಂದಿರುಗುತ್ತಿರುತ್ತವೆ. ಕಾಫಿ ಗಿಡಗಳ ನಡುವೆ ಹದಿನೈದು ಅಡಿ ದೂರದಲ್ಲಿದ್ದರೂ ಆನೆ ಕಾಣುವುದಿಲ್ಲ. ಮನೆಯವರು ಹೋಗಬಹುದೆಂದು ಹೇಳುವ ತನಕ, ಬೆಳಕು ಚೆನ್ನಾಗಿ ಹರಿಯುವ ತನಕ, ತಂದೆಯವರು ಅಂಗಳ ದಾಟಬಾರದು. ಸಂಜೆಯೂ ಅಷ್ಟೇ. ಬೆಟ್ಟದಲ್ಲಿ ಕೊಂಬೆ ಮುರಿಯುವ ಸದ್ದು ಕೇಳಿದರೆ ನಿಂತುಬಿಡಿ, ಮಾತು ನಿಲ್ಲಿಸಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ನೋಡೋಣವೆಂದು ಒಂದು ಹೆಜ್ಜೆಯೂ ಮುಂದಿಡಬೇಡಿ. ಸ್ಥಳೀಯ ಮಾರ್ಗದರ್ಶಕರು ಜೊತೆಗಿರಲೇಬೇಕು. ನಾವು ಸದ್ದು ಕೇಳುವ ಮೊದಲೇ ಅವರು ವಾಸನೆಯಿಂದ ತಿಳಿದಿರುತ್ತಾರೆ.

ಉಂಬಳಗಳ, ಅಂದರೆ ಜಿಗಣೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಮಗಳು ಮೊದಲು ಹೆದರುವುದು ಅವಕ್ಕೇ. ನವೆಂಬರಿನಲ್ಲಿಯೂ ತೇವದ ಜಾಗದಲ್ಲಿ ಇರುತ್ತವೆ. ಅವು ರೋಗ ಹರಡುವುದಿಲ್ಲ, ನೋವೂ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅವುಗಳ ಜೊಲ್ಲಿನಲ್ಲಿರುವುದರಿಂದ ಗಾಯ ಸ್ವಲ್ಪ ಹೊತ್ತು ಒಸರುತ್ತದೆ, ಅಷ್ಟೇ. ಒತ್ತು ನೇಯ್ಗೆಯ ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಳ್ಳಿ. ಕಚ್ಚಿದರೆ ಕಿತ್ತೆಳೆಯದೆ ಉಗುರಿನಿಂದ ಅದರ ಬಾಯಿಯ ಅಂಚನ್ನು ಸರಿಸಿ ಬಿಡಿಸಿ. ಉಪ್ಪು ಸುರಿದು, ಬೆಂಕಿ ತಾಗಿಸಿ ಕೊಲ್ಲುವುದು ಬೇಡ. ಗಿಡವನ್ನು ಹಿಡಿದು ಏರುವಾಗ ಮಾತ್ರ ಕೈಗಿಂತ ಮುಂಚೆ ಕಣ್ಣು ಹೋಗಲಿ. ಮಲಬಾರ್ ಗುಳಿಮಂಡಲ ಹಾವು ಸೊಂಟದೆತ್ತರದ ಗಿಡದಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತದೆ. ಹಸಿರು, ಕಂದು, ಹಳದಿ ಹೀಗೆ ಒಂದೇ ಜಾತಿಯಲ್ಲಿ ಹಲವು ಬಣ್ಣಗಳಿರುವುದರಿಂದ ಪಾಚಿ ಹಿಡಿದ ಕೊಂಬೆಯಂತೆಯೇ ತೋರುತ್ತದೆ.

ಚಾರಣಕ್ಕೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಿಕೊಳ್ಳಿ, ವಾರಾಂತ್ಯ ಬಿಟ್ಟು ವಾರದ ನಡುವಿನ ದಿನವನ್ನೇ ಆರಿಸಿ. ನೀರಿಗೆ ಸ್ಟೀಲಿನ ಬಾಟಲಿ, ಬುತ್ತಿಗೆ ಡಬ್ಬಿ ತನ್ನಿ; ಒಂದು ಚಾಕೊಲೇಟಿನ ಕಾಗದವೂ ಮೇಲೆ ಉಳಿಯದಿರಲಿ. ಮಗಳ ಕೈಗೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟು, ಕಂಡ ಪ್ರಾಣಿಗಳ ಜೊತೆಗೆ ಕಾಣದೆ ಗುರುತು ಬಿಟ್ಟುಹೋದವನ್ನೂ ಬರೆದುಕೊಳ್ಳಲು ಹೇಳಿ: ಬಂಡೆಯ ಮೇಲೆ ಹಣ್ಣಿನ ಬೀಜಗಳೇ ತುಂಬಿದ ಪುನುಗಿನ ಹಿಕ್ಕೆ, ಕೆಂದಳಿಲು ಕಡಿದು ಬೀಳಿಸಿದ ಕಾಯಿ, ಕಡವೆ ಕೊಂಬು ತಿಕ್ಕಿದ ತೊಗಟೆ, ಕೆಸರಿನಲ್ಲಿ ಕಾಟಿಯ ಗೊರಸು. ದಾವಣಗೆರೆಗೆ ಹಿಂದಿರುಗಿದ ಮೇಲೆ ಅವಳ ಪಟ್ಟಿಯನ್ನು ನನಗೆ ಕಳುಹಿಸಿದರೆ, ಗುರುತು ಸಿಗದ ಹಿಕ್ಕೆ ಹೆಜ್ಜೆಗಳು ಯಾವುದರದ್ದೆಂದು ತಿಳಿಸಿಕೊಡಲು ಪ್ರಯತ್ನಿಸುತ್ತೇನೆ. ಹೆಜ್ಜೆಯ ಪಕ್ಕದಲ್ಲಿ ಅಳತೆಗೆ ಒಂದು ಪೆನ್ಸಿಲ್ ಇಟ್ಟು ಫೋಟೊ ತೆಗೆಯಲಿ.